ಅರಮನೆಯಿಂದ ತರಗತಿಗೆ: ಮೈಸೂರಿನ ಸಂಗೀತ ಶಿಕ್ಷಣ ಮತ್ತು ನಮ್ಮೂರಿನ ಒಬ್ಬ ವಿದ್ಯಾರ್ಥಿನಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಬೆಳಗಿನ ಪ್ರಾರ್ಥನೆ. ನಾನು 1988ರಲ್ಲಿ ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವಳು. ಆಗ ಶಾಲೆಗೆ ಕಾಂಪೌಂಡ್ ಇರಲಿಲ್ಲ. ಹೊಂಗೆ ಮರದ ಕೆಳಗೆ ನಾವು ಸಾಲಾಗಿ ನಿಂತರೆ ಪಕ್ಕದ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರ ಪದವೂ ನಮ್ಮ ಪ್ರಾರ್ಥನೆಯೂ ಒಂದರೊಳಗೊಂದು ಸೇರಿಹೋಗುತ್ತಿದ್ದವು. ನಮ್ಮ ಗಣಿತದ ಮೇಷ್ಟ್ರಿಗೆ ಹಾಡಲು ಬರುತ್ತಿರಲಿಲ್ಲ, ಕಿವಿ ಮಾತ್ರ ಬಹಳ ಚುರುಕು. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಇಡೀ ಸಾಲು ಶ್ರುತಿ ಇಳಿಸಿಬಿಟ್ಟರೆ, "ಏ, ಜಾರಿಹೋಯ್ತು ಕಣ್ರೋ, ಮೊದಲಿಂದ ಹೇಳಿ" ಎಂದು ನಿಲ್ಲಿಸುತ್ತಿದ್ದರು. ಒಂದು ದಿನ ನನ್ನನ್ನು ಸಾಲಿನಿಂದ ಕರೆದು ಮುಂದೆ ನಿಲ್ಲಿಸಿದರು. "ಇವಳು ಜಾರಲ್ಲ. ಇವಳನ್ನ ಹಿಡ್ಕೊಂಡು ಹೇಳಿ" ಎಂದರು. ನನ್ನ ಸಂಗೀತಾಭ್ಯಾಸ ಆರಂಭವಾದದ್ದು ಆ ದಿನ.

ಸಮಿತಿಯವರು ಇತಿಹಾಸದ ಲೇಖನ ಬೇಕೆಂದರು. ನನಗೆ ಗೊತ್ತಿರುವ ಇತಿಹಾಸ ಒಂದೇ: ಅರಮನೆಯ ಹಜಾರದಲ್ಲಿಯೂ ವಿದ್ವಾಂಸರ ಮನೆಗಳಲ್ಲಿಯೂ ಇದ್ದ ಸಂಗೀತವಿದ್ಯೆ ಮೈಸೂರಿನಲ್ಲಿ ಕಾಲೇಜಿನ ತರಗತಿಗೆ ಬಂದದ್ದು ಹೇಗೆ ಎಂಬುದು. ಅದು ಹಾಗೆ ಬಾರದಿದ್ದರೆ ನಮ್ಮೂರಿನಂಥ ಊರಿನ ಹುಡುಗಿ ಅದನ್ನು ಕಲಿಯುವುದು ಸಾಧ್ಯವಿರಲಿಲ್ಲ. ಆದ್ದರಿಂದ ಆ ಇತಿಹಾಸವನ್ನೂ ನನ್ನ ಓದಿನ ಕತೆಯನ್ನೂ ಕೂಡಿಸಿಯೇ ಬರೆಯುತ್ತಿದ್ದೇನೆ.

ಊರಿನ ಹಾಡು, ಪೇಟೆಯ ಬಾಗಿಲು

ನಮ್ಮ ಮನೆಯಲ್ಲಿ ಶಾಸ್ತ್ರೀಯ ಸಂಗೀತದ ಗಂಧ ಯಾರಿಗೂ ಇರಲಿಲ್ಲ. ಹಾಗೆಂದು ಊರಿನಲ್ಲಿ ಸಂಗೀತಕ್ಕೆ ಬಡತನವೂ ಇರಲಿಲ್ಲ. ಮಂಟೇಸ್ವಾಮಿ ಕತೆ ಮಾಡುವ ನೀಲಗಾರರು ತಂಬೂರಿ ಹಿಡಿದು ಜಗಲಿಯ ಮೇಲೆ ಕೂತರೆ ಬೆಳಗಿನ ಜಾವದವರೆಗೆ ಕತೆ ಮುಗಿಯುತ್ತಿರಲಿಲ್ಲ. ಮಾದಪ್ಪನ ಗುಡ್ಡರ ಕಂಸಾಳೆಯ ಸದ್ದಿಗೆ ನಾವು ಮಕ್ಕಳು ಊಟ ಬಿಟ್ಟು ಓಡುತ್ತಿದ್ದೆವು. ಶ್ರಾವಣ ಮಾಸದಲ್ಲಿ ನಮ್ಮ ತಾತ ದೇವಸ್ಥಾನದಲ್ಲಿ ಜೈಮಿನಿ ಭಾರತ ಓದುತ್ತಿದ್ದರು. ಯುದ್ಧದ ಪದ್ಯಕ್ಕೊಂದು ಧಾಟಿ, ಅಳುವ ಪದ್ಯಕ್ಕೊಂದು ಧಾಟಿ. ಅವುಗಳಿಗೆ ಹೆಸರುಗಳಿವೆ ಎಂಬುದು ತಾತನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇನ್ನೊಂದು ಹೆಮ್ಮೆಯೂ ನಮಗಿತ್ತು. ಪಿಟೀಲು ಚೌಡಯ್ಯನವರು ನಮ್ಮ ತಾಲ್ಲೂಕಿನವರು. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಮೈಸೂರಿಗೆ ಹೋಗಿ, ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ, ನಾಲ್ಕು ತಂತಿಯ ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದವರು. ಮೈಕು ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿನವರಿಗೂ ನಾದ ಮುಟ್ಟಬೇಕೆಂದು ಹಾಗೆ ಮಾಡಿದರಂತೆ. "ಚೌಡಯ್ಯ ಇಲ್ಲೇ ಹೊಳೆ ಆಚೆಯವರು" ಎಂದು ಕನ್ನಡದ ಮೇಷ್ಟ್ರು ಹೇಳಿದಾಗ, ಹೊಳೆ ದಾಟಿದರೆ ಸಂಗೀತ ಸಿಕ್ಕಿಬಿಡುತ್ತದೆ ಎಂದೇ ನಾನು ತಿಳಿದುಕೊಂಡಿದ್ದೆ.

ಅಷ್ಟು ಸುಲಭವಾಗಿರಲಿಲ್ಲ. ಪಿಯುಸಿ ಓದುವಾಗ ಪೇಟೆಯಲ್ಲಿ ಮನೆಪಾಠ ಹೇಳುವವರೊಬ್ಬರ ಬಳಿ ಅಪ್ಪ ನನ್ನನ್ನು ಕರೆದುಕೊಂಡು ಹೋದರು. ನಾವು ಬಾಗಿಲ ಹೊರಗೇ ನಿಂತಿದ್ದೆವು. "ಯಾವ ಮನೆಯವರು? ನಿಮ್ಮಲ್ಲಿ ಯಾರಾದರೂ ಹಾಡ್ತಾರಾ?" ಎಂದು ಕೇಳಿದರು. ಅಪ್ಪ, "ಇಲ್ಲ ಬುದ್ಧಿ, ನಾವು ಬೇಸಾಯಗಾರರು" ಎಂದರು. "ಇದು ಹುಟ್ಟಿನಿಂದ ಬರಬೇಕಪ್ಪ, ನಿಮಗೆ ಕಷ್ಟವಾಗುತ್ತೆ" ಎಂದು ಅವರು ಒಳಗೆ ಹೋದರು. ನನ್ನನ್ನು ಒಂದು ಸ್ವರ ಹಾಡು ಎಂದೂ ಕೇಳಲಿಲ್ಲ. ಬಸ್ಸಿನಲ್ಲಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಇಳಿಯುವ ಮುಂಚೆ, "ಹಾಡ್ಕೊಂಡ್ರೆ ಹೊಟ್ಟೆ ತುಂಬ್ತದಾ ಮಗ? ಟೀಚರ್ ಟ್ರೈನಿಂಗ್ ಮಾಡು" ಎಂದರು.

ಮೈಸೂರಿನಲ್ಲಿ ಸಂಗೀತಕ್ಕೇ ಒಂದು ಕಾಲೇಜಿದೆ, ಅಲ್ಲಿ ಬೇರೆ ವಿಷಯಗಳಂತೆ ಸಂಗೀತದಲ್ಲೂ ಪದವಿ ಪಡೆಯಬಹುದು ಎಂದು ತಿಳಿಸಿದವರು ನಮ್ಮ ಹೈಸ್ಕೂಲಿನ ಅದೇ ಗಣಿತದ ಮೇಷ್ಟ್ರು. ಅರ್ಜಿ ತಂದವರೂ ಅವರೇ, ತುಂಬಿಸಿದವರೂ ಅವರೇ. ಅರ್ಜಿಯಲ್ಲಿ ಹೆಸರು, ಜನ್ಮದಿನಾಂಕ, ಅಂಕಗಳು, ಇಷ್ಟೇ. ಮನೆಯಲ್ಲಿ ಯಾರು ಹಾಡುತ್ತಾರೆ ಎಂಬ ಪ್ರಶ್ನೆಗೆ ಅದರಲ್ಲಿ ಜಾಗವೇ ಇರಲಿಲ್ಲ. 1990ರ ಬೇಸಿಗೆಯ ಕೊನೆಗೆ ನಾನು ಒಂದು ಟ್ರಂಕು, ಒಂದು ಚಾಪೆ ಹಿಡಿದು ಸರಸ್ವತಿಪುರಂಗೆ ಬಂದೆ.

ಸರಸ್ವತಿಪುರಂನ ಕೋಣೆ

ಹೆಸರಿನಲ್ಲೇ ವಿದ್ಯೆಯನ್ನು ಇಟ್ಟುಕೊಂಡಿರುವ ಬಡಾವಣೆ ಅದು. ಒಂದು ಕಡೆ ಕುಕ್ಕರಹಳ್ಳಿ ಕೆರೆ, ಕೆರೆಯಾಚೆ ಮಾನಸಗಂಗೋತ್ರಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ ಅದು. ಅದರ ದಂಡೆಯ ಮೇಲೆ ಕುವೆಂಪು ಅವರು ತಿರುಗಾಡುತ್ತಿದ್ದರು. ಅವರು ಕುಲಪತಿಗಳಾಗಿದ್ದಾಗಲೇ ವಿಶ್ವವಿದ್ಯಾನಿಲಯದ ಈ ಹೊಸ ಆವರಣ ಸಿದ್ಧವಾಗಿ, ಅವರು ಇಟ್ಟ ಮಾನಸಗಂಗೋತ್ರಿ ಎಂಬ ಹೆಸರನ್ನೇ ಪಡೆಯಿತು.

ನನಗೆ ಸಿಕ್ಕದ್ದು ಒಂದು ಹಳೆಯ ಮನೆಯ ಹಿತ್ತಲಿನ ಕೋಣೆ. ಮನೆಯಲ್ಲಿ ಇದ್ದವರು ವಯಸ್ಸಾದ ಅಜ್ಜಿಯೊಬ್ಬರೇ. ಬೆಳಗಿನ ಐದು ಗಂಟೆಗೆ ಎದ್ದು ಸಾಧನೆ ಮಾಡಬೇಕು, ತೊಂದರೆಯಾಗುತ್ತದೇನೋ ಎಂದು ನಾನು ಹೆದರುತ್ತಲೇ ಕೇಳಿದೆ. ಅಜ್ಜಿ, "ಬೆಳಗ್ಗೆ ಎದ್ದು ಸಾಧನೆ ಮಾಡೋರು ಇರಲಿ ಅಂತಲೇ ಕೋಣೆ ಖಾಲಿ ಇಟ್ಟಿದ್ದೆ ಅಂದ್ಕೋ ಮಗು" ಎಂದರು. ಸ್ವಲ್ಪ ದಿನದ ಮೇಲೆ ಗೊತ್ತಾಯಿತು, ಅವರು ಹುಡುಗಿಯಾಗಿದ್ದಾಗ ನಾಲ್ಕು ವರ್ಷ ವೀಣೆ ಕಲಿತಿದ್ದರು. ಮದುವೆಯಾದ ಮೇಲೆ ವೀಣೆ ಮುಟ್ಟಲಿಲ್ಲ. "ನಾನು ಕಲಿತದ್ದೆಲ್ಲ ಬಾಯಿಪಾಠ. ಇದು ಯಾಕೆ ಹೀಗೆ ಅಂತ ಕೇಳೋ ಹಾಗಿರಲಿಲ್ಲ. ನಿನ್ನ ಪುಸ್ತಕದಲ್ಲಿ ಯಾಕೆ ಅಂತ ಬರೆದಿದೆಯಾ?" ಎಂದು ಕೇಳುತ್ತಿದ್ದರು. ರಾತ್ರಿ ಊಟವಾದ ಮೇಲೆ ನಾನು ಅಂದಿನ ಪಾಠವನ್ನು ಅವರಿಗೆ ಒಪ್ಪಿಸಬೇಕಿತ್ತು. ಹಾಗಾಗಿ ನನ್ನ ಪಾಠವನ್ನು ಆ ಮೂರು ವರ್ಷವೂ ನಾವಿಬ್ಬರು ಓದಿದೆವು.

ವಿದ್ಯೆ ಅರಮನೆಯಲ್ಲಿದ್ದ ಕಾಲ

ನಮ್ಮ ಇತಿಹಾಸ ಪತ್ರಿಕೆಯಲ್ಲಿ ಮೈಸೂರಿಗೇ ಒಂದು ದೊಡ್ಡ ಭಾಗವಿತ್ತು. ಓದುವ ಮಕ್ಕಳಿಗೆ ಉಪಯೋಗವಾಗಲೆಂದು ಅದನ್ನು ಸಂಗ್ರಹವಾಗಿ ಹೇಳುತ್ತೇನೆ.

1799ರಿಂದ 1868ರವರೆಗೆ ಇದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಸಂಗೀತಗಾರರಿಗೆ ದೊಡ್ಡ ಆಶ್ರಯ ಸಿಕ್ಕಿತು. ತ್ಯಾಗರಾಜರ ಶಿಷ್ಯಪರಂಪರೆಯ ಮೈಸೂರು ಸದಾಶಿವರಾಯರು ಇಲ್ಲಿ ನೆಲೆಸಿದರು. ಮುಂದೆ ವೀಣೆ ಶೇಷಣ್ಣ (1852–1926), ವೀಣೆ ಸುಬ್ಬಣ್ಣ (1861–1939) ಇವರಿಂದ ಮೈಸೂರೆಂದರೆ ವೀಣೆ, ವೀಣೆಯೆಂದರೆ ಮೈಸೂರು ಎನ್ನುವ ಹಾಗಾಯಿತು. ಹತ್ತನೆಯ ಚಾಮರಾಜ ಒಡೆಯರು ತರುಣ ವಾಸುದೇವಾಚಾರ್ಯರನ್ನು ತಿರುವೈಯಾರಿಗೆ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಕಲಿಯಲು ಕಳುಹಿಸಿದರು. ರಾಜರು ವಿದ್ಯಾರ್ಥಿವೇತನ ಕೊಟ್ಟು ಸಂಗೀತ ಓದಿಸಿದ್ದಕ್ಕೆ ಇದೊಂದು ಒಳ್ಳೆಯ ಉದಾಹರಣೆ. ಆ ವಾಸುದೇವಾಚಾರ್ಯರು ಮುಂದೆ ಬರೆದ 'ನಾ ಕಂಡ ಕಲಾವಿದರು' ನಮಗೆ ಪಾಠಕ್ಕಿಂತ ಹೆಚ್ಚು ಪ್ರಿಯವಾಗಿತ್ತು. ವಿದ್ವಾಂಸರು ಏನು ಹಾಡಿದರು ಎಂಬುದರ ಜೊತೆಗೆ ಹೇಗೆ ನಡೆದುಕೊಳ್ಳುತ್ತಿದ್ದರು ಎಂಬುದೂ ಅದರಲ್ಲಿದೆ.

ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ವಾದ್ಯಗಳನ್ನು ಬಲ್ಲವರು. ಅವರ ಕಾಲದಲ್ಲಿ ಅರಮನೆಯಲ್ಲಿ ಕರ್ನಾಟಕ ವಾದ್ಯಗಳ ಬ್ಯಾಂಡೂ ಪಾಶ್ಚಾತ್ಯ ಬ್ಯಾಂಡೂ ಇದ್ದವು. ಆಸ್ಥಾನಕ್ಕೆ ಬಂದ ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ 108 ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು. ಜಯಚಾಮರಾಜ ಒಡೆಯರಂತೂ ತಾವೇ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ರಷ್ಯದ ಮೆಡ್ಟ್ನರ್ ಎಂಬ ಸಂಯೋಜಕ ಇಂಗ್ಲೆಂಡಿನಲ್ಲಿ ವಯಸ್ಸಾಗಿ, ಜನ ಮರೆತ ಸ್ಥಿತಿಯಲ್ಲಿದ್ದಾಗ ಅವನ ಸಂಗೀತವನ್ನು ಧ್ವನಿಮುದ್ರಿಸಲು ಮೈಸೂರಿನಿಂದ ಹಣ ಕೊಟ್ಟವರೂ ಅವರೇ.

ಇಷ್ಟೆಲ್ಲ ವೈಭವದಲ್ಲಿ ಸಾಮಾನ್ಯ ಮನೆಯ ಮಕ್ಕಳಿಗೆ ದಾರಿ ಇತ್ತೇ? ಇರಲೇ ಇಲ್ಲ ಎಂದರೆ ತಪ್ಪಾಗುತ್ತದೆ. ಬಿಡಾರಂ ಕೃಷ್ಣಪ್ಪನವರು ಕರಾವಳಿಯ ನಂದಳಿಕೆಯ ಬಡ ಮನೆಯಿಂದ ಬಂದವರು. ಅವರು ಮೈಸೂರಿನಲ್ಲಿ ಗುರುಗಳಾಗಿ ನಿಂತು ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದರು, ನಮ್ಮ ಚೌಡಯ್ಯನವರನ್ನು ತಯಾರು ಮಾಡಿದರು. ಆದರೆ ಆ ದಾರಿ ಗುರುವಿನ ಕರುಣೆ, ದೊರೆಯ ದೃಷ್ಟಿ, ಮನೆಯವರ ಧೈರ್ಯ ಈ ಮೂರೂ ಒಟ್ಟಿಗೆ ಒದಗಿದವರಿಗೆ ಮಾತ್ರ. ಒಂದು ತಪ್ಪಿದರೂ ನಮ್ಮ ಅಜ್ಜಿಯ ಹಾಗೆ ವೀಣೆ ಅಟ್ಟ ಸೇರುತ್ತಿತ್ತು.

1965

ಸಂಗೀತವನ್ನು ಶಾಲೆಯಲ್ಲಿ ಕಲಿಸಬೇಕೆಂಬ ಪ್ರಯತ್ನ ದೇಶದಲ್ಲಿ ಅದಕ್ಕೂ ಹಳೆಯದು. ಮೈಸೂರಿನ ಆಸ್ಥಾನದಲ್ಲೂ ಗೌರವ ಪಡೆದಿದ್ದ ಮೌಲಾಬಕ್ಷ್ 1886ರಲ್ಲಿ ಬರೋಡೆಯಲ್ಲಿ ಸಂಗೀತ ಶಾಲೆಯ ಹೊಣೆ ಹೊತ್ತರು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದರು. 1926ರಲ್ಲಿ ಭಾತಖಂಡೆಯವರ ಶ್ರಮದಿಂದ ಲಖನೌದಲ್ಲಿ ಸಂಗೀತ ಕಾಲೇಜು ಆರಂಭವಾಯಿತು. ನಮ್ಮ ಚೌಡಯ್ಯನವರೂ ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ನಡೆಸಿದರು.

ಸ್ವಾತಂತ್ರ್ಯ ಬಂದ ಮೇಲೆ ಅರಮನೆಯ ಆಶ್ರಯ ಕ್ರಮೇಣ ಕಡಿಮೆಯಾಯಿತು. ಆಸ್ಥಾನ ವಿದ್ವಾಂಸರ ವಿದ್ಯೆ ಮುಂದಿನ ತಲೆಮಾರಿಗೆ ಯಾವ ದಾರಿಯಲ್ಲಿ ಹೋಗಬೇಕು ಎಂಬ ಪ್ರಶ್ನೆ ಎದ್ದಿತು. 1916ರಲ್ಲಿ ಹುಟ್ಟಿದ್ದ ಮೈಸೂರು ವಿಶ್ವವಿದ್ಯಾನಿಲಯ 1965ರಲ್ಲಿ ಸಂಗೀತ, ನೃತ್ಯಗಳಿಗೆಂದೇ ಲಲಿತಕಲಾ ಕಾಲೇಜು ತೆರೆದು ಅದಕ್ಕೆ ಉತ್ತರ ಕೊಟ್ಟಿತು. ಅದರ ಮೊದಲ ಪ್ರಾಂಶುಪಾಲರು ಚೌಡಯ್ಯನವರ ಶಿಷ್ಯರಾದ ವಿ. ರಾಮರತ್ನಂ. ಅಂದರೆ ನಮ್ಮ ತಾಲ್ಲೂಕಿನ ಹೊಳೆದಂಡೆಯಿಂದ ಹೊರಟ ವಿದ್ಯೆ ಒಬ್ಬ ಶಿಷ್ಯರ ಮೂಲಕ ಕಾಲೇಜಿನ ಕುರ್ಚಿಗೆ ಬಂದಿತ್ತು.

ಈ ಬದಲಾವಣೆಯನ್ನು ಒಬ್ಬರ ಜೀವನದಲ್ಲೇ ಕಾಣಬೇಕೆಂದರೆ ಕೆ. ವೆಂಕಟಲಕ್ಷಮ್ಮನವರನ್ನು ನೋಡಬೇಕು. ಕಡೂರಿನ ಕಡೆಯ ತಂಗಲಿ ತಾಂಡ್ಯದಲ್ಲಿ, ಲಂಬಾಣಿ ಕುಟುಂಬದಲ್ಲಿ 1906ರಲ್ಲಿ ಹುಟ್ಟಿದವರು. ಜಟ್ಟಿ ತಾಯಮ್ಮನವರ ಬಳಿ ಅಭಿನಯ ಕಲಿತು, ನಾಲ್ವಡಿಯವರ ಕಾಲದಲ್ಲಿ ಆಸ್ಥಾನ ನರ್ತಕಿಯಾಗಿ, ದೀರ್ಘಕಾಲ ಅರಮನೆಯಲ್ಲಿ ಸೇವೆ ಮಾಡಿದರು. 1965ರಲ್ಲಿ ವಿಶ್ವವಿದ್ಯಾನಿಲಯ ನೃತ್ಯ ವಿಭಾಗ ತೆರೆದಾಗ ಅವರು ಅಲ್ಲಿ ರೀಡರ್ ಆದರು. ಸುಮಾರು ಅರವತ್ತರ ಹತ್ತಿರದ ವಯಸ್ಸಿನಲ್ಲಿ ಹಾಜರಿ ಪುಸ್ತಕ ಹಿಡಿದು ತರಗತಿಗೆ ಬಂದರು. ನಾನು ಓದುತ್ತಿದ್ದ 1992ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅಂದು ಅಜ್ಜಿ ಪತ್ರಿಕೆಯನ್ನು ಎರಡು ಸಲ ಓದಿಸಿಕೊಂಡರು. ತಾಂಡ್ಯದಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬರು ಅರಮನೆ, ವಿಶ್ವವಿದ್ಯಾನಿಲಯ ಎರಡರಲ್ಲೂ ಗುರುಗಳಾದದ್ದನ್ನು ನಮ್ಮ ಶಾಲೆಯ ಹೆಣ್ಣುಮಕ್ಕಳು ತಿಳಿದಿರಬೇಕು.

ಓದಿದ ಮೂರು ಬಗೆ

ಸಂಗೀತದ ಕಾಲೇಜೆಂದರೆ ದಿನವಿಡೀ ಹಾಡುವುದು ಎಂದು ನಮ್ಮೂರಿನಲ್ಲಿ ಎಲ್ಲರೂ ತಿಳಿದಿದ್ದರು. ಶಾಸ್ತ್ರ, ಇತಿಹಾಸ, ಪ್ರಯೋಗ ಈ ಮೂರನ್ನೂ ಓದಬೇಕು. ಮೊದಲನೆಯ ಎರಡಕ್ಕೆ ಬರೆಯುವ ಪತ್ರಿಕೆ, ಮೂರನೆಯದಕ್ಕೆ ಪರೀಕ್ಷಕರ ಮುಂದೆ ಕೂತು ಹಾಡುವ ಪರೀಕ್ಷೆ.

ಶಾಸ್ತ್ರ ಎಂದಾಗ ನಾನು ಹೆದರಿದ್ದೆ. ಆದರೆ ಅಲ್ಲಿ ನನ್ನ ಕೈ ಹಿಡಿದದ್ದು ಹೈಸ್ಕೂಲಿನ ಗಣಿತ. 72 ಮೇಳಕರ್ತ ರಾಗಗಳ ಲೆಕ್ಕವನ್ನೇ ನೋಡಿ. ಷಡ್ಜ, ಪಂಚಮ ಎರಡೂ ಕದಲುವುದಿಲ್ಲ. ಅವುಗಳ ನಡುವೆ ರಿಷಭ ಗಾಂಧಾರಗಳಿಗೆ ಒಟ್ಟು ನಾಲ್ಕು ಸ್ಥಾನ. ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆ ಆರು. ಮೇಲಿನ ಧೈವತ ನಿಷಾದಗಳಿಗೂ ಹಾಗೆಯೇ ಆರು. ಆರಾರಲ ಮೂವತ್ತಾರು. ಮಧ್ಯಮದಲ್ಲಿ ಶುದ್ಧ, ಪ್ರತಿ ಎಂದು ಎರಡು ಬಗೆ ಇರುವುದರಿಂದ ಮೂವತ್ತಾರರ ಎರಡರಷ್ಟು, ಎಪ್ಪತ್ತೆರಡು. ಇದನ್ನು 17ನೆಯ ಶತಮಾನದಲ್ಲಿ 'ಚತುರ್ದಂಡೀ ಪ್ರಕಾಶಿಕೆ'ಯಲ್ಲಿ ಹೇಳಿದ ವೆಂಕಟಮಖಿ ತಂಜಾವೂರಿನಲ್ಲಿದ್ದರೂ ಕನ್ನಡ ಮನೆತನದವನು.

ರಾಗದ ಹೆಸರಿನಲ್ಲೇ ಅದರ ಸಂಖ್ಯೆಯನ್ನು ಅಡಗಿಸಿಡುವ ಕಟಪಯಾದಿ ಸೂತ್ರವಂತೂ ಮಕ್ಕಳಿಗೆ ಆಟದ ಹಾಗಿದೆ. ಮಾಯಾಮಾಳವಗೌಳ ಎಂಬಲ್ಲಿ ಮೊದಲ ಎರಡು ಅಕ್ಷರ ಮಾ, ಯಾ. ಪ, ಫ, ಬ, ಭ, ಮ ಎಂದು ಎಣಿಸಿದರೆ ಮ ಐದನೆಯದು. ಯ ತನ್ನ ಸಾಲಿನಲ್ಲಿ ಒಂದನೆಯದು. ಬಂದ 51ನ್ನು ತಿರುಗಿಸಿದರೆ 15. ಅದೇ ಆ ರಾಗದ ಮೇಳ ಸಂಖ್ಯೆ. ಧೀರಶಂಕರಾಭರಣ 29, ಮೇಚಕಲ್ಯಾಣಿ 65. ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳನ್ನು ಕಲಿಸುವ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ಹೇಳುತ್ತದೆ.

ಒಂದು ದಿನ ವೀಣೆಯ ತಂತಿಯನ್ನು ಅಳೆದು ತೋರಿಸಿದರು. ಮಿಡಿಯುವ ತಂತಿಯ ಉದ್ದವನ್ನು ಅರ್ಧ ಮಾಡಿದರೆ ಮೇಲಿನ ಷಡ್ಜ, ಮೂರರಲ್ಲಿ ಎರಡು ಭಾಗ ಉಳಿಸಿದರೆ ಪಂಚಮ, ನಾಲ್ಕರಲ್ಲಿ ಮೂರು ಭಾಗ ಉಳಿಸಿದರೆ ಶುದ್ಧ ಮಧ್ಯಮ. ಆ ರಾತ್ರಿ ಇದನ್ನು ಅಜ್ಜಿಗೆ ಹೇಳಿದೆ. ಅವರು ಸುಮ್ಮನೆ ಎದ್ದು, ಅಟ್ಟದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ವೀಣೆಯನ್ನು ನನ್ನಿಂದ ಇಳಿಸಿದರು. ತಂತಿಗಳೆಲ್ಲ ತುಕ್ಕು ಹಿಡಿದಿದ್ದವು, ಒಂದು ಮಾತ್ರ ಉಳಿದಿತ್ತು. ದಾರದಿಂದ ಅಳತೆ ಮಾಡಿ, ಮೂರು ಭಾಗ ಮಾಡಿ, ಅಲ್ಲಿ ಬೆರಳಿಟ್ಟು ಮೀಟಿದರು. ಪಂಚಮ ನುಡಿಯಿತು. "ಅರವತ್ತು ವರ್ಷದ ಹಿಂದೆ ಇಲ್ಲಿ ಒತ್ತು ಅಂದಿದ್ದರು, ಒತ್ತುತ್ತಿದ್ದೆ. ಯಾಕೆ ಇಲ್ಲೇ ಅಂತ ಇವತ್ತು ಗೊತ್ತಾಯ್ತು" ಎಂದರು.

ಇತಿಹಾಸ ಪತ್ರಿಕೆಯಲ್ಲಿ ನಾನು ಕಂಡದ್ದು ನಮ್ಮ ನಾಡಿನ ಉದ್ದ ಅಗಲ. ರಾಗವೆಂದರೇನೆಂದು ಲಕ್ಷಣ ಹೇಳಿದ ಮತಂಗನ 'ಬೃಹದ್ದೇಶಿ', ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ', ದೇವಗಿರಿಯ ಯಾದವರ ಆಶ್ರಯದಲ್ಲಿ ಶಾರ್ಙ್ಗದೇವ ಬರೆದ 'ಸಂಗೀತ ರತ್ನಾಕರ', ಅದಕ್ಕೆ ವಿಜಯನಗರದಲ್ಲಿ ಕಲ್ಲಿನಾಥ ಬರೆದ ವ್ಯಾಖ್ಯಾನ, 1550ರಲ್ಲಿ ರಾಮಾಮಾತ್ಯ ಬರೆದ 'ಸ್ವರಮೇಳಕಲಾನಿಧಿ' ಎಂದು ಸಾಲು ಸಾಲು ಗ್ರಂಥಗಳು. ಶಿವಗಂಗೆಯ ಹತ್ತಿರದ ಸಾತನೂರಿನ ಪುಂಡರೀಕ ವಿಠ್ಠಲ 16ನೆಯ ಶತಮಾನದಲ್ಲಿ ಉತ್ತರಕ್ಕೆ ಹೋಗಿ ಅಲ್ಲಿನ ರಾಗಗಳ ಬಗ್ಗೆ ಗ್ರಂಥ ಬರೆದ. ಸಂಸ್ಕೃತ ಬಾರದ ನನಗೆ ಇವೆಲ್ಲ ಕಬ್ಬಿಣದ ಕಡಲೆ. ಆಗ ಆಸರೆಯಾದದ್ದು ಕನ್ನಡದ ಪುಸ್ತಕಗಳು. ಮೈಸೂರಿನ ರಾ. ಸತ್ಯನಾರಾಯಣ ಅವರು ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದವರು. ಅವರು 'ಸಂಗೀತ ರತ್ನಾಕರ'ಕ್ಕೆ 'ನಿಶ್ಶಂಕಹೃದಯ' ಎಂಬ ವ್ಯಾಖ್ಯಾನವನ್ನು ಕನ್ನಡದಲ್ಲಿ ಬರೆದಿದ್ದರು. ಅದೂ ಸುಲಭವಲ್ಲ. ಆದರೆ ನನ್ನ ಭಾಷೆಯಲ್ಲಿರುವ ಕಷ್ಟ ಎಂದು ಧೈರ್ಯವಾಗುತ್ತಿತ್ತು.

ಒಂದು ಸಲ ತರಗತಿಯಲ್ಲಿ ನಾನು ಕೇಳಿದೆ, "ನೀಲಗಾರರ ತಂಬೂರಿ ಯಾವ ಅಧ್ಯಾಯದಲ್ಲಿ ಬರ್ತದೆ ಮೇಡಂ?" ಕೆಲವರು ನಕ್ಕರು. ಮೇಡಂ ನಗಲಿಲ್ಲ. ಆ ಶನಿವಾರ ನಮ್ಮನ್ನೆಲ್ಲ ಮಾನಸಗಂಗೋತ್ರಿಯಲ್ಲೇ ಇರುವ ಜಯಲಕ್ಷ್ಮೀವಿಲಾಸಕ್ಕೆ ಕರೆದುಕೊಂಡು ಹೋದರು. ರಾಜಕುಮಾರಿಗೆಂದು ಕಟ್ಟಿಸಿದ ಆ ಮಹಲಿನಲ್ಲಿ 1968ರಿಂದ ಜಾನಪದ ವಸ್ತುಸಂಗ್ರಹಾಲಯವಿದೆ. ಗೊಂಬೆಗಳು, ಮುಖವಾಡಗಳು, ವಾದ್ಯಗಳು. ನಮ್ಮೂರ ಜಗಲಿಯ ಮೇಲೆ ಕಂಡದ್ದೆಲ್ಲ ಅರಮನೆಯ ಗೋಡೆಗಳ ನಡುವೆ ಕೂತಿತ್ತು. "ಪುಸ್ತಕದಲ್ಲಿ ಇಲ್ಲದ ಅಧ್ಯಾಯ ಇಲ್ಲಿದೆ. ನೀನು ಕೇಳಿ ಬೆಳೆದವಳು, ಬರಿ" ಎಂದರು ಮೇಡಂ. ನಾನು ಆ ವರ್ಷ ಊರಿಗೆ ಬಂದು ನೀಲಗಾರರ ಶ್ರುತಿ, ಧಾಟಿಗಳ ಬಗ್ಗೆ ಹನ್ನೆರಡು ಪುಟದ ಪ್ರಬಂಧ ಬರೆದೆ. ತಾತ ಓದುತ್ತಿದ್ದ ಜೈಮಿನಿಯ ಧಾಟಿಗಳನ್ನೂ ಬರೆದುಕೊಂಡೆ. ಅಳುವ ಪದ್ಯದ ಧಾಟಿ ಮುಖಾರಿಗೆ ಹತ್ತಿರವಿತ್ತು. ತಾತನಿಗೆ ಹೇಳಿದರೆ, "ಹಂಗಂತಾರಾ ಅದಕ್ಕೆ? ನಮ್ಮಪ್ಪನೂ ಹಿಂಗೇ ಓದ್ತಿದ್ದ" ಎಂದರು.

ಇನ್ನು ಪ್ರಯೋಗ. ಇಲ್ಲಿ ನಾನು ಸೋತೆ. ಮೊದಲ ವರ್ಷ ವಿದ್ಯಾರ್ಥಿಗಳ ಕಛೇರಿಯಲ್ಲಿ ನನ್ನ ಸರದಿ ಬಂದಾಗ, ನನಗಿಂತ ಮುಂಚೆ ಹಾಡಿದ ಹುಡುಗಿಯ ಶ್ರುತಿಯನ್ನೇ ಇಟ್ಟುಕೊಂಡೆ. ಅವಳದು ಐದೂವರೆ ಮನೆ, ಚಿಕ್ಕಂದಿನಿಂದ ಕಲಿತ ಮನೆಯ ಹುಡುಗಿ. ನನ್ನದು ದಪ್ಪ ದನಿ. ಅನುಪಲ್ಲವಿಯಲ್ಲಿ ಮೇಲಿನ ಷಡ್ಜಕ್ಕೆ ಹೋದಾಗ ಗಂಟಲು ಒಡೆಯಿತು. ಮತ್ತೆ ಎತ್ತಿದೆ, ಮತ್ತೆ ಒಡೆಯಿತು. ನಿಲ್ಲಿಸಿ ಎದ್ದುಬಂದೆ. ಪೇಟೆಯ ಆ ಬಾಗಿಲಲ್ಲಿ ಕೇಳಿದ 'ಹುಟ್ಟಿನಿಂದ ಬರಬೇಕು' ಎಂಬ ಮಾತು ಕಿವಿಯಲ್ಲಿ ಮೊಳಗಿತು. ಆ ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕತ್ತಲಾಗುವವರೆಗೆ ಕೂತಿದ್ದೆ. ಮಾರನೆಯ ದಿನ ನಮ್ಮ ಮೇಷ್ಟ್ರು ಕರೆದು, ತಂಬೂರಿಯನ್ನು ಇಳಿಸುತ್ತಾ ಇಳಿಸುತ್ತಾ ನನ್ನಿಂದ ಷಡ್ಜ ಹಾಡಿಸಿದರು. ನಾಲ್ಕೂವರೆ ಮನೆಗೆ ಬಂದಾಗ ದನಿ ತಾನಾಗಿ ತೆರೆಯಿತು. "ಇದು ನಿನ್ನ ಮನೆ. ಬೇರೆಯವರ ಮನೆಯಲ್ಲಿ ಯಾಕೆ ಹಾಡ್ತೀಯ?" ಎಂದರು.

ಆಮೇಲೆ ಬಿದ್ದ ಶ್ರಮವನ್ನು ಇಲ್ಲಿ ಉದ್ದವಾಗಿ ಬರೆಯುವುದಿಲ್ಲ. ಗಣೇಶನ ಹಬ್ಬದ ದಿನಗಳಲ್ಲಿ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಪೆಂಡಾಲಿನಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಕಛೇರಿ ಕೇಳುತ್ತಾ, ನೋಟ್‌ಬುಕ್ಕಿನಲ್ಲಿ ರಾಗದ ಹೆಸರು ಬರೆದುಕೊಂಡು, ರಾತ್ರಿ ನಡೆದೇ ಸರಸ್ವತಿಪುರಂಗೆ ಬರುತ್ತಿದ್ದೆವು. ಮೂರನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ತೋಡಿ ಹಾಡಿ ಪಾಸಾದೆ. ಶಾಸ್ತ್ರದ ಪತ್ರಿಕೆಯಲ್ಲಿ ತರಗತಿಗೆ ಎರಡನೆಯವಳಾದೆ. ಅಜ್ಜಿ ಕೇಳಿದ್ದು ಶಾಸ್ತ್ರದ ಅಂಕವನ್ನು ಮಾತ್ರ.

ಪಡೆದದ್ದು, ಕಳೆದದ್ದು

ಕಾಲೇಜಿಗೆ ಬಂದುದರಿಂದ ಸಂಗೀತ ಕಳೆದುಕೊಂಡದ್ದೂ ಇದೆ. ಗುರುಕುಲದಲ್ಲಿ ಕಾಲಕ್ಕೆ ಲೆಕ್ಕವಿರಲಿಲ್ಲ. ಒಂದು ವರ್ಣವನ್ನು ತಿಂಗಳುಗಟ್ಟಲೆ ತಿದ್ದುತ್ತಿದ್ದರು. ನಮ್ಮಲ್ಲಿ ಪಿರಿಯಡ್ಡಿನ ಗಂಟೆ ಹೊಡೆದರೆ ತೋಡಿಯೂ ನಿಲ್ಲಬೇಕು. ಮೂರು ವರ್ಷದಲ್ಲಿ ಯಾರೂ ಕಛೇರಿಗಾರರಾಗಲಾರರು. ಆಗುವವರು ಆಮೇಲೆ ಗುರುಗಳ ಮನೆ ಹುಡುಕಿಕೊಂಡು ಹೋಗಿಯೇ ಆದರು. ಆದರೆ ಗುರುಗಳ ಮನೆಗೆ ಹೋಗುವಾಗ ಅವರು ಬರಿಗೈಯಲ್ಲಿ ಹೋಗಲಿಲ್ಲ. ನಾನೂ ಪದವಿಯ ನಂತರ ಒಬ್ಬ ಗುರುಗಳಲ್ಲಿ ಎಂಟು ವರ್ಷ ಪಾಠ ಹೇಳಿಸಿಕೊಂಡೆ, ವಿದ್ವತ್ ಪರೀಕ್ಷೆ ಕಟ್ಟಿದೆ. ನಮಗೆ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಸಿದ ಪ್ರೌಢಶಿಕ್ಷಣ ಮಂಡಳಿಯೇ ಆಗ ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನೂ ನಡೆಸುತ್ತಿತ್ತು. ಮಕ್ಕಳು ಕಾಲೇಜಿಗೆ ಹೋಗದೆಯೂ ಈ ಪರೀಕ್ಷೆಗಳ ದಾರಿಯಲ್ಲಿ ಕಲಿಯಬಹುದು. ಈಗ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೇ ಒಂದು ವಿಶ್ವವಿದ್ಯಾಲಯವಿದೆ. ನಾವು ಓದುವಾಗ ಇಷ್ಟೊಂದು ಅನುಕೂಲವಿರಲಿಲ್ಲ.

ಅಪ್ಪ ಬಸ್ಸಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು. ಹೊಟ್ಟೆ ತುಂಬಿದೆ, ಪೆಟ್ಟಿಗೆ ತುಂಬಿಲ್ಲ. ನಾನು ದೊಡ್ಡ ವಿದುಷಿಯಾಗಲಿಲ್ಲ. ಹಲವು ವರ್ಷ ಶಾಲೆಗಳಲ್ಲಿ ಸಂಗೀತ ಶಿಕ್ಷಕಿಯಾಗಿದ್ದೆ. ಈಗ ಸರಸ್ವತಿಪುರಂನಲ್ಲೇ ಮನೆಯಲ್ಲಿ ಪಾಠ ಹೇಳುತ್ತೇನೆ. ಬಂದ ಮಕ್ಕಳನ್ನು ಯಾವ ಮನೆಯವರೆಂದು ನಾನು ಕೇಳುವುದಿಲ್ಲ, ಒಂದು ಷಡ್ಜ ಹಾಡು ಎನ್ನುತ್ತೇನೆ. ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಅಪ್ಪ ಕೊನೆಯ ದಿನಗಳಲ್ಲಿ, "ಅವತ್ತು ಆ ಮನೆ ಬಾಗಿಲಿಂದ ಹಂಗೇ ಬಂದ್ಬುಟ್ನಲ್ಲ, ಒಂದು ಮಾತು ಕೇಳ್ಬೇಕಾಗಿತ್ತು ಕಣವ್ವ" ಎನ್ನುತ್ತಿದ್ದರು. ಕೇಳಬೇಕಾದ್ದನ್ನು ಗಣಿತದ ಮೇಷ್ಟ್ರು ತುಂಬಿಸಿದ ಆ ಅರ್ಜಿಯೇ ಕೇಳಿತ್ತು ಎಂದು ನಾನು ಅವರಿಗೆ ಹೇಳುತ್ತಿದ್ದೆ.

ಒಂದು ಕೋರಿಕೆ

ಕಳೆದ ವರ್ಷ ಮಹೋತ್ಸವದ ಸಭೆಗೆಂದು ಶಾಲೆಗೆ ಬಂದಿದ್ದೆ. ಕಾಂಪೌಂಡ್ ಇದೆ, ಹೊಸ ಕೊಠಡಿಗಳಿವೆ, ಹೊಂಗೆ ಮರವೂ ಇದೆ. ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಮೊಬೈಲಿನಿಂದ ಸ್ಪೀಕರಿಗೆ ಹಾಡು ಹಾಕಿದರು. ಮಕ್ಕಳು ಕೈ ಜೋಡಿಸಿ ಸುಮ್ಮನೆ ನಿಂತಿದ್ದರು. ಶಿಕ್ಷಕರನ್ನು ದೂರುವ ಮಾತಲ್ಲ ಇದು. ಸಂಗೀತ ಶಿಕ್ಷಕರ ಹುದ್ದೆ ನಮ್ಮಂಥ ಶಾಲೆಗಳಿಗೆ ಸಿಗುವುದು ಅಪರೂಪ, ಇರುವ ಶಿಕ್ಷಕರಿಗೆ ಕೈತುಂಬ ಕೆಲಸ. ಆದರೆ ಮೂರನೆಯ ಸಾಲಿನಲ್ಲಿ ಒಬ್ಬಳು ಹುಡುಗಿ ತುಟಿ ಅಲ್ಲಾಡಿಸುತ್ತಿದ್ದಳು. ಹತ್ತಿರ ಹೋದೆ. ಸ್ಪೀಕರಿನ ಶ್ರುತಿ ಅವಳಿಗೆ ಎತ್ತರ. ಅದಕ್ಕೆ ಅವಳು ಒಂದು ಸ್ಥಾಯಿ ಕೆಳಗೆ, ಮೆಲ್ಲಗೆ, ಒಂದು ಸ್ವರವೂ ಜಾರದೆ ಹಾಡುತ್ತಿದ್ದಳು. ಅವಳನ್ನು ಸಾಲಿನಿಂದ ಕರೆದು ಮುಂದೆ ನಿಲ್ಲಿಸಲು ಅಲ್ಲಿ ಯಾರೂ ಇರಲಿಲ್ಲ. ಯಾಕೆಂದರೆ ಸ್ಪೀಕರು ಹಾಡುವಾಗ ಮಕ್ಕಳ ದನಿ ಯಾರಿಗೂ ಕೇಳಿಸುವುದಿಲ್ಲ.

ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಸೇರಿ ಕಮಾನು ಕಟ್ಟಿಸುತ್ತಿದ್ದೇವೆ. ಸಂತೋಷ, ನನ್ನ ಪಾಲನ್ನೂ ಕೊಟ್ಟಿದ್ದೇನೆ. ಅದರ ಜೊತೆಗೆ ಒಂದು ಶ್ರುತಿಪೆಟ್ಟಿಗೆಯನ್ನೂ ಶಾಲೆಗೆ ಕೊಡುತ್ತೇನೆ. ವಾರಕ್ಕೊಂದು ಪಿರಿಯಡ್ ಸಂಗೀತಕ್ಕೆ ಬಿಡಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ತಿಂಗಳ ಎರಡು ಶನಿವಾರ ಮೈಸೂರಿನಿಂದ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಉಳಿದ ಎರಡು ಶನಿವಾರಕ್ಕೆ ಊರಿನ ಹಿರಿಯರು ಬರಬೇಕು. ನಾಟಿ ಪದ ಬಲ್ಲ ಅವ್ವಂದಿರು, ಜೈಮಿನಿ ಓದಬಲ್ಲವರು, ತಂಬೂರಿ ಹಿಡಿಯಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಶಾಸ್ತ್ರವನ್ನು ನಾನು ಹೇಳಿಕೊಡುತ್ತೇನೆ, ಇತಿಹಾಸವನ್ನು ನೀವು ಹಾಡಿ ತೋರಿಸಿ.

ಆ ದಿನಗಳಲ್ಲಿ ಮಾತ್ರ ಸ್ಪೀಕರ್ ಬೇಡ. ಮಕ್ಕಳೇ ಪ್ರಾರ್ಥನೆ ಹೇಳಲಿ. ಜಾರಿದರೆ ನಿಲ್ಲಿಸಿ, ಮೊದಲಿಂದ ಹೇಳಿಸೋಣ.